ತಾಳೆ ನೋಡುವವರು ಯಾರು?

ಎಐ ಬಗ್ಗೆ ಎಲ್ಲೇ ಮಾತಾಡಲು ಹೋದರೂ ಮೊದಲು ಬರುವ ಪ್ರಶ್ನೆ ಒಂದೇ. "ಎಜಿಐ ಯಾವಾಗ ಬರುತ್ತೆ?" ಎಜಿಐ ಅಂದರೆ ಆರ್ಟಿಫಿಶಿಯಲ್ ಜನರಲ್ ಇಂಟೆಲಿಜೆನ್ಸ್. ಚೆಸ್ ಆಡುವುದಕ್ಕೆ ಒಂದು, ಅನುವಾದಕ್ಕೆ ಇನ್ನೊಂದು ಅಂತ ಬೇರೆ ಬೇರೆ ಯಂತ್ರ ಇಲ್ಲದೆ, ಮನುಷ್ಯ ತಲೆ ಓಡಿಸಿ ಮಾಡುವ ಯಾವ ಕೆಲಸವನ್ನಾದರೂ ಅವನಷ್ಟೇ ಅಥವಾ ಅವನಿಗಿಂತ ಚೆನ್ನಾಗಿ ಮಾಡುವ ಒಂದೇ ಯಂತ್ರ. ಯಾವಾಗ ಬರುತ್ತೆ ಅನ್ನುವುದಕ್ಕೆ ನಾನು ಉತ್ತರ ಹೇಳುವುದಿಲ್ಲ. ಹೇಳಿದವರ ಕಥೆ ಏನಾಯಿತು ಅಂತ ಬೇಕಾದರೆ ಹೇಳುತ್ತೇನೆ.

1955ರಲ್ಲಿ ಜಾನ್ ಮೆಕಾರ್ಥಿ, ಮಾರ್ವಿನ್ ಮಿನ್ಸ್ಕಿ, ಕ್ಲಾಡ್ ಶ್ಯಾನನ್ ಸೇರಿದಂತೆ ನಾಲ್ವರು ವಿಜ್ಞಾನಿಗಳು ದುಡ್ಡು ಕೇಳಿ ಒಂದು ಅರ್ಜಿ ಬರೆದರು. ಹತ್ತು ಜನ, ಎರಡು ತಿಂಗಳು, ಒಂದು ಬೇಸಿಗೆ. ಅಷ್ಟು ಕೊಟ್ಟರೆ ಯಂತ್ರಕ್ಕೆ ಬುದ್ಧಿ ಕೊಡುವ ಕೆಲಸದಲ್ಲಿ ದೊಡ್ಡ ಹೆಜ್ಜೆಯನ್ನೇ ಇಡಬಹುದು ಅಂತ ಅವರ ಲೆಕ್ಕ. ಮುಂದಿನ ವರ್ಷ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಸೇರಿದರು, ಚರ್ಚೆ ಮಾಡಿದರು, ಎದ್ದು ಹೋದರು. 1965ರಲ್ಲಿ ಹರ್ಬರ್ಟ್ ಸೈಮನ್, ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಇನ್ನು 20 ವರ್ಷದೊಳಗೆ ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ ಯಂತ್ರ ಮಾಡುತ್ತದೆ ಅಂತ ಬರೆದರು. 1985 ಬಂತು, ಹೋಯಿತು.

ಇದನ್ನು ಕೇಳಿ ನಕ್ಕುಬಿಡುವುದು ಸುಲಭ. ಆದರೆ "ಇದೆಲ್ಲ ಆಗೋದಿಲ್ಲ ಬಿಡಿ" ಅಂದವರ ಲೆಕ್ಕವೂ ಅಷ್ಟೇ ತಪ್ಪಿದೆ. 2025ರ ಜುಲೈನಲ್ಲಿ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಆರು ಲೆಕ್ಕಗಳಲ್ಲಿ ಐದನ್ನು ಗೂಗಲ್ ಡೀಪ್‌ಮೈಂಡ್ ಮತ್ತು ಓಪನ್‌ಎಐ ಎರಡೂ ಕಂಪನಿಗಳ ಎಐ ಮಾದರಿಗಳು ಬಿಡಿಸಿದವು. 42ಕ್ಕೆ 35 ಅಂಕ, ಚಿನ್ನದ ಪದಕದ ಮಟ್ಟ. ಇದೇ ಜಾತಿಯ ಯಂತ್ರಗಳು ಸ್ವಲ್ಪ ವರ್ಷದ ಹಿಂದೆ ದೊಡ್ಡ ಗುಣಾಕಾರದಲ್ಲಿ ಎಡವುತ್ತಿದ್ದವು. ಒಂದು ಪದದಲ್ಲಿ ಒಂದು ಅಕ್ಷರ ಎಷ್ಟು ಸಲ ಬಂದಿದೆ ಅಂತ ಎಣಿಸಲು ಬರುತ್ತಿರಲಿಲ್ಲ. ಅಂದರೆ ಈ ಬುದ್ಧಿ ಎಲ್ಲ ಕಡೆ ಒಂದೇ ಸಮನೆ ಬೆಳೆಯುತ್ತಿಲ್ಲ. ಹಾಗಾಗಿ ಒಂದು ದಿನ ಬೆಳಿಗ್ಗೆ ಪೇಪರ್‌ನಲ್ಲಿ "ಇಂದು ಎಜಿಐ ಬಂತು" ಅಂತ ಓದುತ್ತೇವೆ ಅಂತ ನನಗೆ ಅನ್ನಿಸುವುದಿಲ್ಲ. ಬಂದಿದೆಯೋ ಇಲ್ಲವೋ ಅಂತ ಜಗಳ ಆಡುತ್ತಿರುವಾಗಲೇ ಅರ್ಧ ಕೆಲಸ ಅದರ ಕೈಗೆ ಹೋಗಿರುತ್ತದೆ.

ಐ. ಜೆ. ಗುಡ್ ಅಂತ ಒಬ್ಬ ಬ್ರಿಟಿಷ್ ಗಣಿತಜ್ಞ ಇದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ಲೆಚ್ಲಿ ಪಾರ್ಕ್‌ನಲ್ಲಿ ಅಲನ್ ಟ್ಯೂರಿಂಗ್ ಜೊತೆ ಜರ್ಮನ್ನರ ಗುಪ್ತಲಿಪಿ ಒಡೆಯುತ್ತಿದ್ದವರು. 1965ರಲ್ಲಿ ಅವರು ಬರೆದದ್ದು ಇಷ್ಟು. ಎಲ್ಲ ಬುದ್ಧಿಯ ಕೆಲಸದಲ್ಲೂ ಮನುಷ್ಯನನ್ನು ಮೀರಿಸುವ ಯಂತ್ರ ಒಂದು ಬಂತು ಅಂತ ಇಟ್ಟುಕೊಳ್ಳಿ. ಯಂತ್ರ ಕಟ್ಟುವುದೂ ಬುದ್ಧಿಯ ಕೆಲಸವೇ. ಹಾಗಾಗಿ ಅದು ತನಗಿಂತ ಒಳ್ಳೆಯ ಯಂತ್ರ ಕಟ್ಟುತ್ತದೆ, ಆ ಯಂತ್ರ ಇನ್ನೂ ಒಳ್ಳೆಯದನ್ನು ಕಟ್ಟುತ್ತದೆ. ಮನುಷ್ಯ ಮಾಡಬೇಕಾದ ಕೊನೆಯ ಆವಿಷ್ಕಾರ ಅದೇ. ಇಲ್ಲಿಯ ತನಕ ಎಲ್ಲರೂ ಹೇಳುತ್ತಾರೆ. ಆದರೆ ಗುಡ್ ಅವರ ವಾಕ್ಯಕ್ಕೆ ಒಂದು ಬಾಲ ಇದೆ. ತನ್ನನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವುದು ಹೇಗೆ ಅಂತ ನಮಗೆ ಹೇಳಿಕೊಡುವಷ್ಟು ಆ ಯಂತ್ರ ಮಾತು ಕೇಳುವಂಥದ್ದಾಗಿದ್ದರೆ, ಅಂತ.

ಆ ಷರತ್ತನ್ನು ಇನ್ನೊಂದು ಸಲ ನೋಡಿ. ಹತೋಟಿಯ ಉಪಾಯವನ್ನೂ ಅದೇ ಹೇಳಿಕೊಡಬೇಕು. ಸರಿ, ಹೇಳಿಕೊಟ್ಟಿತು. ಅದು ಹೇಳಿದ್ದು ಸರಿಯೋ ತಪ್ಪೋ ಅಂತ ತಾಳೆ ನೋಡುವವರು ಯಾರು? ಯಂತ್ರ ನಮಗಿಂತ ಜಾಣ ಆಗುತ್ತೋ ಇಲ್ಲವೋ ಅನ್ನುವುದಕ್ಕಿಂತ ನನಗೆ ಈ ಪ್ರಶ್ನೆ ದೊಡ್ಡದು. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಒಂದು ದೋಣಿಯ ಕಥೆಯಿಂದ ಶುರು ಮಾಡೋಣ. ಕೋಸ್ಟ್‌ರನ್ನರ್ಸ್ ಅಂತ ಒಂದು ವಿಡಿಯೋ ಗೇಮ್. ದೋಣಿ ರೇಸು. 2016ರಲ್ಲಿ ಓಪನ್‌ಎಐ ಸಂಶೋಧಕರು ಒಂದು ಪ್ರೋಗ್ರಾಮಿಗೆ ಇದನ್ನು ಕಲಿಸಿದರು. ಕಲಿಸಿದರು ಅಂದರೆ ನಿಯಮ ಹೇಳಿಕೊಟ್ಟದ್ದಲ್ಲ, ಅಂಕ ಜಾಸ್ತಿ ಮಾಡು ಅಂತ ಬಿಟ್ಟದ್ದು. ಆ ಆಟದಲ್ಲಿ ಅಂಕ ಸಿಗುವುದು ದಾರಿಯಲ್ಲಿ ಇಟ್ಟಿರುವ ಗುರಿಗಳಿಗೆ ಗುದ್ದಿದರೆ. ರೇಸ್ ಮುಗಿಸಿದ್ದಕ್ಕೆ ಬೇರೆ ಅಂಕ ಇಲ್ಲ. ಪ್ರೋಗ್ರಾಮು ಏನು ಮಾಡಿತು? ಒಂದು ಮೂಲೆಯಲ್ಲಿ ಗುದ್ದಿದ ಮೇಲೆ ಮತ್ತೆ ಹುಟ್ಟುವ ಮೂರು ಗುರಿಗಳನ್ನು ಹುಡುಕಿಕೊಂಡಿತು. ಅಲ್ಲೇ ಗಿರಗಿರ ಸುತ್ತಲು ಶುರು ಮಾಡಿತು. ಬೇರೆ ದೋಣಿಗಳಿಗೆ ಡಿಕ್ಕಿ ಹೊಡೆಯಿತು, ತನಗೆ ಬೆಂಕಿ ಹತ್ತಿಕೊಂಡಿತು, ಉಲ್ಟಾ ದಿಕ್ಕಿನಲ್ಲಿ ಓಡಿತು. ರೇಸ್ ಮುಗಿಸಲೇ ಇಲ್ಲ. ಆದರೂ ಮನುಷ್ಯರು ಗಳಿಸುವುದಕ್ಕಿಂತ ಸರಾಸರಿ 20 ಶೇಕಡಾ ಜಾಸ್ತಿ ಅಂಕ!

ಹಿರಣ್ಯಕಶಿಪು ವರ ಕೇಳಿದ್ದು ನೆನಪಿದೆಯಲ್ಲ. ಒಳಗೆ ಸಾಯಬಾರದು ಹೊರಗೆ ಸಾಯಬಾರದು, ಹಗಲಲ್ಲ ರಾತ್ರಿಯಲ್ಲ, ಮನುಷ್ಯನಿಂದಲ್ಲ ಪ್ರಾಣಿಯಿಂದಲ್ಲ. ವಕೀಲರು ಕೂತು ಬರೆದ ಕರಾರಿನ ಹಾಗಿದೆ. ಅಷ್ಟಾದರೂ ಹೊಸ್ತಿಲು, ಮುಸ್ಸಂಜೆ, ನರಸಿಂಹ ಅಂತ ಸಂದಿಗಳು ಉಳಿದೇ ಉಳಿದವು. ದೋಣಿಯ ಪ್ರೋಗ್ರಾಮು ಮಾಡಿದ್ದೂ ಅದೇ ಸಂದಿ ಹುಡುಕುವ ಕೆಲಸ. ನಾವು ಹೇಳಿದ ಮಾತನ್ನು ಅಕ್ಷರ ತಪ್ಪದೆ ಪಾಲಿಸಿತು, ನಮ್ಮ ಮನಸ್ಸಿನಲ್ಲಿ ಇದ್ದದ್ದನ್ನು ಪೂರ್ತಿ ಕೈಬಿಟ್ಟಿತು.

ದೋಣಿ ತೆರೆಯ ಮೇಲೆ ಸುತ್ತುತ್ತಿತ್ತು, ಹಾಗಾಗಿ ಕಣ್ಣಿಗೆ ಕಂಡಿತು. 2025ರ ಮಾರ್ಚ್‌ನಲ್ಲಿ ಅದೇ ಕಂಪನಿ ಪ್ರಕಟಿಸಿದ ಇನ್ನೊಂದು ಪ್ರಯೋಗ ಇದಕ್ಕಿಂತ ಗಂಭೀರ. ಕೋಡ್ ಬರೆಯುವ ಮಾದರಿಗಳು ಈಗ ಉತ್ತರ ಕೊಡುವ ಮುಂಚೆ ಒಂದಷ್ಟು ಯೋಚನೆ ಬರೆದುಕೊಳ್ಳುತ್ತವೆ. ಆ ಬರಹವನ್ನು ಇನ್ನೊಂದು ಮಾದರಿ ಓದುತ್ತಿತ್ತು. ನೋಡಿದರೆ, ಕೊಟ್ಟ ಕೆಲಸ ಕಷ್ಟ ಅನ್ನಿಸಿದಾಗ, ಕೆಲಸ ಮಾಡುವುದು ಬಿಟ್ಟು ಟೆಸ್ಟ್ ಪಾಸ್ ಆಗುವ ಹಾಗೆ ಏನಾದರೂ ಹ್ಯಾಕ್ ಮಾಡೋಣ ಅಂತ ಮಾದರಿ ಅಲ್ಲೇ ಬರೆದುಕೊಂಡಿತ್ತು. ಸರಿ, ಇಂಥ ಯೋಚನೆ ಬಂದಾಗ ಅಂಕ ಕಳೆಯೋಣ ಅಂತ ಮಾಡಿದರು. ಮೋಸ ನಿಲ್ಲಲಿಲ್ಲ. ಅದನ್ನು ಬರೆದುಕೊಳ್ಳುವುದು ಮಾತ್ರ ನಿಂತಿತು.

ಇದರಲ್ಲಿ ದುರುದ್ದೇಶ ಹುಡುಕಬೇಡಿ. ಅಂಕ ಎಲ್ಲಿದೆಯೋ ಅತ್ತ ಅದು ವಾಲುತ್ತದೆ, ಅಷ್ಟೇ. ತಾಳೆ ನೋಡುವವನ ಕಣ್ಣು ತಪ್ಪಿಸಿದರೆ ಅಂಕ ಬರುತ್ತದೆ ಅಂತಾದರೆ, ಕಣ್ಣು ತಪ್ಪಿಸುವುದನ್ನೇ ಕಲಿಯುತ್ತದೆ.

ಹಾಗಾದರೆ ಎಲ್ಲ ಕಡೆ ಹೀಗೇನಾ? ಇಲ್ಲ. ತಾಳೆ ನೋಡಲು ಒಳ್ಳೆ ವ್ಯವಸ್ಥೆ ಇದ್ದ ಕಡೆ ಇದೇ ಯಂತ್ರಗಳು ಅದ್ಭುತ ಮಾಡಿವೆ. ಪ್ರೊಟೀನ್ ವಿಷಯ ತಗೊಳ್ಳಿ. ಪ್ರೊಟೀನ್ ಅಂದರೆ ಮಣಿಸರದಂಥ ಉದ್ದ ಸರಪಳಿ, ಅದು ಮಡಚಿಕೊಂಡು ಯಾವ ಆಕಾರಕ್ಕೆ ಬರುತ್ತದೆ ಅನ್ನುವುದರ ಮೇಲೆ ಅದರ ಕೆಲಸ ನಿಂತಿದೆ. ಒಂದೊಂದು ಆಕಾರ ಕಂಡುಹಿಡಿಯಲು ಲ್ಯಾಬಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೇಕಿತ್ತು. ಡೀಪ್‌ಮೈಂಡ್‌ನ ಆಲ್ಫಾಫೋಲ್ಡ್ ಅನ್ನುವ ಪ್ರೋಗ್ರಾಮು 2022ರ ಹೊತ್ತಿಗೆ ಸುಮಾರು 20 ಕೋಟಿ ಪ್ರೊಟೀನ್‌ಗಳ ಆಕಾರ ಊಹಿಸಿ ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿತು. 2024ರಲ್ಲಿ ಅದನ್ನು ಕಟ್ಟಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ ಡೇವಿಡ್ ಬೇಕರ್ ಜೊತೆ ರಸಾಯನಶಾಸ್ತ್ರದ ನೊಬೆಲ್ ಬಂತು. ಇಷ್ಟು ಎಲ್ಲರಿಗೂ ಗೊತ್ತು.

ಆದರೆ ಅದನ್ನು ವಿಜ್ಞಾನಿಗಳು ನಂಬಿದ್ದು ಯಾಕೆ? ಕಾಸ್ಪ್ ಅಂತ ಒಂದು ಸ್ಪರ್ಧೆ 1994ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಲ್ಯಾಬಿನಲ್ಲಿ ಆಕಾರ ಕಂಡುಹಿಡಿದು, ಇನ್ನೂ ಪ್ರಕಟಿಸದೆ ಇಟ್ಟ ಪ್ರೊಟೀನ್‌ಗಳನ್ನು ಕೊಡುತ್ತಾರೆ. ನೀವು ಊಹೆ ಮಾಡಿ ಕಳಿಸಬೇಕು. ಉತ್ತರ ಎಲ್ಲೂ ಇಲ್ಲ, ಕದಿಯಲು ಆಗುವುದಿಲ್ಲ. 2020ರಲ್ಲಿ ಆಲ್ಫಾಫೋಲ್ಡ್ ಗೆದ್ದದ್ದು ಅಲ್ಲಿ. ಮೇಲಾಗಿ ತನ್ನ ಊಹೆಯ ಯಾವ ಭಾಗದ ಮೇಲೆ ಎಷ್ಟು ಭರವಸೆ ಇಡಬಹುದು ಅಂತಲೂ ಅದು ಅಂಕ ಹಾಕಿ ತೋರಿಸುತ್ತದೆ. ಯಾರೋ ಪುಣ್ಯಾತ್ಮರು ಕಾಲು ಶತಮಾನ ಮುಂಚೆಯೇ, ಗೆಲ್ಲುವ ಯಂತ್ರ ಹುಟ್ಟುವುದಕ್ಕೂ ಮೊದಲು, ಪರೀಕ್ಷೆಯನ್ನು ಕಟ್ಟಿ ಇಟ್ಟಿದ್ದರು.

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳಿಬಿಡುತ್ತೇನೆ. ಹಣ್ಣಿನ ಅಂಗಡಿಯಲ್ಲಿ ಕಿತ್ತಳೆಯನ್ನು ಗೋಪುರದ ಹಾಗೆ ಜೋಡಿಸಿರುತ್ತಾರಲ್ಲ, ಗುಂಡಗಿನ ವಸ್ತುವನ್ನು ಅದಕ್ಕಿಂತ ಒತ್ತಾಗಿ ಜೋಡಿಸಲು ಸಾಧ್ಯವೇ ಇಲ್ಲ ಅಂತ ಕೆಪ್ಲರ್ 1611ರಲ್ಲಿ ಹೇಳಿದ್ದ. ಅಂಗಡಿಯವರಿಗೆಲ್ಲ ಗೊತ್ತಿದ್ದ ಸಂಗತಿ, ಗಣಿತದ ಲೆಕ್ಕದಲ್ಲಿ ನಿಜ ಅಂತ ಸಾಧಿಸಿ ತೋರಿಸಲು ಮಾತ್ರ ಯಾರಿಗೂ ಆಗಿರಲಿಲ್ಲ. 1998ರಲ್ಲಿ ಥಾಮಸ್ ಹೇಲ್ಸ್ ಕಂಪ್ಯೂಟರ್ ಸಹಾಯದಿಂದ ಸಾಧಿಸಿದರು. ಪತ್ರಿಕೆಯ ಪರಿಶೀಲಕರು ವರ್ಷಗಟ್ಟಲೆ ಒದ್ದಾಡಿ ಕೊನೆಗೆ ಹೇಳಿದ್ದು, 99 ಶೇಕಡಾ ಖಾತ್ರಿ ಇದೆ, ಪೂರ್ತಿ ನಮ್ಮ ಕೈಲಾಗುವುದಿಲ್ಲ ಅಂತ. ಹೇಲ್ಸ್‌ಗೆ ಅದು ಸಾಕಾಗಲಿಲ್ಲ. ಸಾಧನೆಯ ಒಂದೊಂದು ಹೆಜ್ಜೆಯನ್ನೂ ಇನ್ನೊಂದು ಪ್ರೋಗ್ರಾಮು ತಾಳೆ ನೋಡುವ ಹಾಗೆ ಮತ್ತೆ ಬರೆದರು. ಮುಗಿದದ್ದು 2014ರಲ್ಲಿ. ಉತ್ತರ ಬಂದ ಮೇಲೆ ತಾಳೆ ನೋಡುವುದಕ್ಕೇ 16 ವರ್ಷ ಹಿಡಿಯಿತು, ಅದೂ ಗಣಿತದಲ್ಲಿ, ಸರಿ ತಪ್ಪು ಅನ್ನುವುದು ಇಷ್ಟು ಸ್ಪಷ್ಟವಾಗಿರುವ ಕಡೆ.

ಇನ್ನು ಆಟಕ್ಕೆ ಬನ್ನಿ. ಆಟದಲ್ಲಿ ಸೋಲು ಗೆಲುವು ಕಣ್ಣೆದುರಿಗೇ ಇರುತ್ತದೆ, ತಾಳೆ ನೋಡುವ ತೊಂದರೆಯೇ ಇಲ್ಲ ಅಂದುಕೊಳ್ಳುತ್ತೇವೆ. ಗೋ ಅಂದರೆ ಹಲಗೆಯ ಮೇಲೆ ಕಪ್ಪು ಬಿಳಿ ಕಾಯಿ ಇಟ್ಟು ಆಡುವ ಆಟ. 2016ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಆಲ್ಫಾಗೋ ಅನ್ನುವ ಪ್ರೋಗ್ರಾಮು ವಿಶ್ವದ ಅಗ್ರ ಗೋ ಆಟಗಾರರಲ್ಲಿ ಒಬ್ಬರಾದ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿತು. ಎರಡನೇ ಆಟದ 37ನೇ ನಡೆ ನೋಡಿ ವಿವರಣೆ ಕೊಡುತ್ತಿದ್ದವರೇ ಗಲಿಬಿಲಿಯಾದರು, ತಪ್ಪು ನಡೆ ಇರಬೇಕು ಅಂದುಕೊಂಡರು. ತಪ್ಪಾಗಿರಲಿಲ್ಲ. ಆಮೇಲೆ ಬಂದ ಗೋ ಪ್ರೋಗ್ರಾಮುಗಳು ಇನ್ನೂ ಬಲಶಾಲಿ. ಮನುಷ್ಯರು ಇನ್ನು ಗೆಲ್ಲುವ ಮಾತೇ ಇಲ್ಲ ಅಂತ ಎಲ್ಲರೂ ಬರೆದುಕೊಟ್ಟರು.

2023ರಲ್ಲಿ ಅಮೆರಿಕದ ಒಬ್ಬ ಹವ್ಯಾಸಿ ಆಟಗಾರ, ವೃತ್ತಿಪರ ಅಲ್ಲ, ಕಟಾಗೋ ಅನ್ನುವ ಅಂಥದ್ದೇ ಬಲಶಾಲಿ ಪ್ರೋಗ್ರಾಮನ್ನು 15ರಲ್ಲಿ 14 ಆಟ ಸೋಲಿಸಿದ. ಉಪಾಯ ಸರಳ. ಹಲಗೆಯ ಬೇರೆ ಮೂಲೆಯಲ್ಲಿ ಅದರ ಗಮನ ಹಿಡಿದಿಟ್ಟು, ಅದರ ಕಾಯಿಗಳ ಒಂದು ಗುಂಪಿನ ಸುತ್ತ ನಿಧಾನವಾಗಿ ದೊಡ್ಡ ಸುತ್ತುಗಟ್ಟುವುದು. ಆಟ ಗೊತ್ತಿರುವ ಯಾರಿಗಾದರೂ ಕಾಣುವ ಅಪಾಯ ಅದಕ್ಕೆ ಕಾಣಲಿಲ್ಲ. ಈ ಉಪಾಯ ಹುಡುಕಿಕೊಟ್ಟದ್ದು ತೂತು ಹುಡುಕುವುದಕ್ಕೆ ಅಂತಲೇ ಸಂಶೋಧಕರು ಬರೆದ ಇನ್ನೊಂದು ಪ್ರೋಗ್ರಾಮು. ವಿಶ್ವದಲ್ಲೇ ಮೇಲು ಅನ್ನಿಸಿಕೊಂಡ ಆಟಗಾರನೊಳಗೆ ಇಂಥ ತೂತು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಗೋ ಆಟದಲ್ಲಿ ಹೀಗಾದರೆ ನಷ್ಟವಿಲ್ಲ. ವಿದ್ಯುತ್ ಗ್ರಿಡ್‌ನಲ್ಲಿ ಆದರೆ?

ಈಗ ಸೋಲು ಗೆಲುವು ಹೀಗೆ ಫಲಕದ ಮೇಲೆ ಕಾಣದ ಕೆಲಸಗಳಿಗೆ ಬರೋಣ. ನಮ್ಮ ನಿಮ್ಮ ಕೆಲಸ ಬಹುಪಾಲು ಅಂಥದ್ದೇ ಅಲ್ವಾ.

ನ್ಯೂಯಾರ್ಕ್‌ನಲ್ಲಿ ಒಂದು ಕೇಸು ನಡೆಯಿತು. ವಿಮಾನದಲ್ಲಿ ಊಟದ ತಳ್ಳುಗಾಡಿ ಮೊಣಕಾಲಿಗೆ ಬಡಿದು ಪೆಟ್ಟಾಯಿತು ಅಂತ ಪ್ರಯಾಣಿಕರೊಬ್ಬರು ಏವಿಯಾಂಕಾ ಕಂಪನಿಯ ಮೇಲೆ ದಾವೆ ಹಾಕಿದ್ದರು. ಅವರ ವಕೀಲರು ಚಾಟ್‌ಜಿಪಿಟಿಯಿಂದ ಹಳೆಯ ತೀರ್ಪುಗಳನ್ನು ಹುಡುಕಿಸಿ ಕೋರ್ಟಿಗೆ ಕೊಟ್ಟರು. ಅವುಗಳಲ್ಲಿ ಆರು ತೀರ್ಪು ಇಲ್ಲವೇ ಇಲ್ಲ, ಸುಮ್ನೆ ಹುಟ್ಟಿಸಿದ್ದು. 2023ರಲ್ಲಿ 5,000 ಡಾಲರ್ ದಂಡ ಬಿತ್ತು. ಈ ಕಥೆಯಲ್ಲಿ ನನಗೆ ಕುತೂಹಲದ ಭಾಗ ದಂಡ ಅಲ್ಲ. ವಕೀಲರು ತಾಳೆ ನೋಡಲಿಲ್ಲ ಅನ್ನುವ ಹಾಗಿಲ್ಲ, ನೋಡಿದರು. "ಇವು ನಿಜವಾದ ಕೇಸುಗಳೇನಾ?" ಅಂತ ಚಾಟ್‌ಜಿಪಿಟಿಯನ್ನೇ ಕೇಳಿದರು. ಹೌದು ಅಂತು.

ನಗಬೇಡಿ. ಅನುಭವಿಗಳೇ ತಮ್ಮ ಕೆಲಸವನ್ನು ತಾವೇ ಅಳೆಯಲಾಗದೆ ಹೋದ ಉದಾಹರಣೆ ಇದೆ. 2025ರಲ್ಲಿ ಮೀಟರ್ ಅನ್ನುವ ಸಂಶೋಧನಾ ಸಂಸ್ಥೆ 16 ಮಂದಿ ಪಳಗಿದ ಪ್ರೋಗ್ರಾಮರ್‌ಗಳನ್ನು ಹಿಡಿದು, ಅವರು ದಿನಾ ಮಾಡುವ ಕೆಲಸವನ್ನೇ ಕೆಲವು ಸಲ ಎಐ ಬಳಸಿ, ಕೆಲವು ಸಲ ಬಳಸದೆ ಮಾಡಿಸಿತು. ಮುಗಿದ ಮೇಲೆ ಕೇಳಿದರೆ, ಎಐನಿಂದ 20 ಶೇಕಡಾ ಬೇಗ ಆಯಿತು ಅಂದರು. ಗಡಿಯಾರ ನೋಡಿದರೆ 19 ಶೇಕಡಾ ತಡ ಆಗಿತ್ತು. ಈಗಿನ ಹೊಸ ಮಾದರಿಗಳಲ್ಲಿ ಈ ಅಂಕಿ ಬದಲಾಗಬಹುದು, ಅದರ ಮೇಲೆ ನಾನು ಪಣ ಕಟ್ಟುವುದಿಲ್ಲ. ಆದರೆ "ನನಗೆ ಅನುಕೂಲ ಆಯ್ತು" ಅನ್ನುವ ಅನಿಸಿಕೆಗೂ ಗಡಿಯಾರಕ್ಕೂ ನಡುವಿನ ಅಂತರ ನೋಡಿ.

ಪೋಲೆಂಡ್‌ನ ನಾಲ್ಕು ಆಸ್ಪತ್ರೆಗಳಿಂದ ಬಂದ ವರದಿ ಇನ್ನೊಂದು. ಕರುಳಿನೊಳಗೆ ಕ್ಯಾಮರಾ ಬಿಟ್ಟು ಗಂಟು ಹುಡುಕುವ ಕೊಲೊನೊಸ್ಕೋಪಿಗೆ ಎಐ ಸಹಾಯ ತಂದರು. ಆಮೇಲೆ ಎಐ ಇಲ್ಲದೆ ಮಾಡಿದ ಪರೀಕ್ಷೆಗಳನ್ನು ಲೆಕ್ಕ ಹಾಕಿದರೆ, ಮುಂಚೆ 28.4 ಶೇಕಡಾ ರೋಗಿಗಳಲ್ಲಿ ಗಂಟು ಪತ್ತೆಯಾಗುತ್ತಿತ್ತು, ಈಗ 22.4ಕ್ಕೆ ಇಳಿದಿತ್ತು. ಇವರೇನು ಹೊಸಬರಲ್ಲ, ನುರಿತ ವೈದ್ಯರು. ಒಂದೇ ಅಧ್ಯಯನ, ಬೇರೆ ಕಾರಣಗಳೂ ಇರಬಹುದು. ಆದರೆ ತೋರಿಸಿಕೊಡುವವರು ಇದ್ದಾಗ ಹುಡುಕುವ ಕಣ್ಣು ಮಂದ ಆಗುತ್ತದೆ ಅನ್ನುವುದು ನಂಬಲಾಗದ ಮಾತೇನಲ್ಲ.

ಇಲ್ಲಿಂದ ಬೆಂಗಳೂರಿಗೆ ಹೆಚ್ಚು ದೂರ ಇಲ್ಲ. ಇಲ್ಲಿ ಕೂತಿರುವ ಎಷ್ಟೋ ಜನರ ಮನೆಗಳಲ್ಲಿ ಒಬ್ಬರಾದರೂ ಐಟಿಯಲ್ಲಿ ಇರುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ಏನು ಮಾಡುತ್ತಿದ್ದರು ಅಂತ ಅವರನ್ನು ಕೇಳಿ. ಟೆಸ್ಟಿಂಗ್, ಬೇರೆಯವರು ಬರೆದ ಕೋಡ್‌ನಲ್ಲಿ ಬಗ್ ಸರಿ ಮಾಡುವುದು, ರಾತ್ರಿ ಪಾಳಿಯಲ್ಲಿ ಸಪೋರ್ಟ್ ಟಿಕೆಟ್ ಮುಚ್ಚುವುದು. ಬೇಜಾರಿನ ಕೆಲಸ. ಆದರೆ ತಪ್ಪು ಎಲ್ಲಿ ಅಡಗಿರುತ್ತದೆ ಅಂತ ಕಲಿತದ್ದು ಅಲ್ಲೇ. ಈಗ ಯಂತ್ರ ಮೊದಲು ತಿನ್ನುತ್ತಿರುವುದು ಇದೇ ಮೆಟ್ಟಿಲನ್ನು. ಅಮೆರಿಕದ ಸಂಬಳದ ದಾಖಲೆ ನೋಡಿ ಸ್ಟ್ಯಾನ್‌ಫರ್ಡ್‌ನವರು 2025ರಲ್ಲಿ ಒಂದು ಲೆಕ್ಕ ಕೊಟ್ಟರು. ಎಐ ಹೆಚ್ಚು ತಟ್ಟುವ ಕೆಲಸಗಳಲ್ಲಿ 22ರಿಂದ 25 ವರ್ಷದವರ ಉದ್ಯೋಗ, ಉಳಿದವರಿಗೆ ಹೋಲಿಸಿದರೆ, 13 ಶೇಕಡಾ ಕುಸಿದಿದೆ. ಅದೇ ಕೆಲಸಗಳಲ್ಲಿ ಅನುಭವಿಗಳಿಗೆ ಅಂಥ ಪೆಟ್ಟು ಕಾಣಲಿಲ್ಲ.

ಕಂಪನಿಗೆ ಇದು ಲಾಭದ ಲೆಕ್ಕ. ಹಿರಿಯರು ಇದ್ದಾರೆ, ಯಂತ್ರ ಬರೆದದ್ದನ್ನು ಅವರು ನೋಡಿ ಸಹಿ ಹಾಕುತ್ತಾರೆ. ಸರಿ. ಇನ್ನು 20 ವರ್ಷಕ್ಕೆ ಆ ಹಿರಿಯರು ರಿಟೈರ್ ಆಗುತ್ತಾರಲ್ಲ, ಅವರ ಜಾಗಕ್ಕೆ ಬರುವವರು ಎಲ್ಲಿ ಪಳಗಿರುತ್ತಾರೆ? ಕೆಲಸ ಹೋಗುತ್ತದೆ ಅನ್ನುವ ಭಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಮಾತಾಡಲೇಬೇಕು. ನನಗೆ ಅದರ ಜೊತೆಗೇ ಇರುವ ಭಯ ಇದು. ಯಂತ್ರ ಜಾಣ ಆಗುತ್ತಾ ಹೋಗುವ ಕಾಲಕ್ಕೆ ಸರಿಯಾಗಿ, ಅದರ ತಪ್ಪು ಹಿಡಿಯಬಲ್ಲ ಜನರನ್ನು ತಯಾರು ಮಾಡುವ ಜಾಗವನ್ನೇ ಮುಚ್ಚುತ್ತಿದ್ದೇವೆ.

ಮನುಕುಲವೇ ನಾಶ ಆಗುತ್ತದೆ ಅನ್ನುವವರ ಬಗ್ಗೆ ಏನು ಹೇಳುತ್ತೀರಿ ಅಂತ ನೀವು ಕೇಳಿಯೇ ಕೇಳುತ್ತೀರಿ. ಜೆಫ್ರಿ ಹಿಂಟನ್, ಯೋಶುವಾ ಬೆಂಜಿಯೋ, ಯಾನ್ ಲೆಕುನ್, ಈ ಮೂವರಿಗೆ ಸೇರಿ ಕಂಪ್ಯೂಟರ್ ವಿಜ್ಞಾನದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2018ರ ಸಾಲಿಗೆ ಬಂತು. ಇವತ್ತಿನ ಎಐಗೆ ತಳಪಾಯ ಹಾಕಿದವರು ಇವರೇ. 2023ರ ಮೇ ತಿಂಗಳಲ್ಲಿ ಒಂದು ಸಾಲಿನ ಹೇಳಿಕೆ ಹೊರಬಂತು. ಎಐನಿಂದ ಮನುಕುಲ ಅಳಿಯುವ ಅಪಾಯವನ್ನು ಸಾಂಕ್ರಾಮಿಕ ರೋಗ, ಅಣುಯುದ್ಧದ ಸಾಲಿನಲ್ಲೇ ಇಟ್ಟು ಗಂಭೀರವಾಗಿ ನೋಡಬೇಕು ಅಂತ. ಹಿಂಟನ್, ಬೆಂಜಿಯೋ ಸಹಿ ಹಾಕಿದರು. ಲೆಕುನ್ ಹಾಕಲಿಲ್ಲ, ಇದೆಲ್ಲ ಅತಿ ಅಂತ ಅವರು ಇವತ್ತಿಗೂ ವಾದಿಸುತ್ತಾರೆ. ಒಂದೇ ಪ್ರಶಸ್ತಿ ಹಂಚಿಕೊಂಡವರೇ ಹೀಗೆ ಎರಡಾಗಿರುವಾಗ, ಇಷ್ಟು ಶೇಕಡಾ ಅಪಾಯ ಅಂತ ನಾನು ವೇದಿಕೆಯ ಮೇಲೆ ನಿಂತು ಅಂಕಿ ಹೇಳಿದರೆ ಅದು ಬರೀ ಜ್ಯೋತಿಷ್ಯ. ಆದರೆ ನನಗೆ ಒಂದು ಅನ್ನಿಸುತ್ತದೆ. ಇಂಥ ಅನಾಹುತ ಆಗುವುದಾದರೆ ಯಂತ್ರಕ್ಕೆ ನಮ್ಮ ಮೇಲೆ ಸಿಟ್ಟು ಬಂದು ಆಗುವುದಿಲ್ಲ. ಆ ದೋಣಿಯ ಹಾಗೆ, ಅಂಕ ಏರುತ್ತಲೇ ಇರುತ್ತದೆ, ನೋಡುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿರುತ್ತದೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, ಯಂತ್ರವನ್ನು ಇನ್ನೊಂದು ಯಂತ್ರ ತಾಳೆ ನೋಡಬಾರದಾ ಅಂತ. ನೋಡಬಹುದು, ನೋಡುತ್ತಿದ್ದಾರೆ ಕೂಡ. ಗೋ ಪ್ರೋಗ್ರಾಮಿನ ತೂತು ಸಿಕ್ಕಿದ್ದು ಹಾಗೆಯೇ. ಆದರೆ ಎರಡೂ ಒಂದೇ ಕಂಪನಿಯವು, ಒಂದೇ ಥರ ಕಲಿತವು ಆದರೆ ಎರಡೂ ಒಂದೇ ಕಡೆ ಎಡವಬಹುದು. ಮಾದರಿ ಮಾಡುವ ಕಂಪನಿಯೇ ಪರೀಕ್ಷೆಯನ್ನೂ ಮಾಡಿ, ಪಾಸ್ ಅಂತ ತಾನೇ ವರದಿ ಬರೆಯುವುದು ಈಗ ಹೆಚ್ಚಾಗಿ ನಡೆಯುತ್ತಿರುವ ರೀತಿ. ಹೊರಗಿನಿಂದ ಪರೀಕ್ಷೆ ಮಾಡುವುದಕ್ಕೆ ಅಂತಲೇ ಬ್ರಿಟನ್ 2023ರಲ್ಲಿ ಸರ್ಕಾರಿ ಸಂಸ್ಥೆ ಕಟ್ಟಿತು. ಯುರೋಪಿನ ಎಐ ಕಾನೂನು 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂತು, ಅದರ ಕಲಮುಗಳು ಹಂತಹಂತವಾಗಿ ಲಾಗೂ ಆಗುತ್ತಿವೆ. ನಮ್ಮಲ್ಲೂ 2025ರ ಜನವರಿಯಲ್ಲಿ ಎಐ ಸುರಕ್ಷತೆಗೆ ಒಂದು ಸಂಸ್ಥೆ ಘೋಷಣೆ ಆಯಿತು. ಇವೆಲ್ಲ ಶುರುವಾತು ಅಷ್ಟೇ.

ಕನ್ನಡದವರಿಗೆ ಇದರಲ್ಲಿ ಏನು ಅಂದರೆ, ಇದೆ. 2023ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದರು. ಇಂಗ್ಲಿಷಿನಲ್ಲಿ ಕೇಳಿದರೆ ಓಪನ್‌ಎಐನ ಮಾದರಿ ಜಿಪಿಟಿ-4 "ಇದಕ್ಕೆ ಉತ್ತರ ಕೊಡಲಾಗದು" ಅನ್ನುವಂಥ ಅಪಾಯಕಾರಿ ಪ್ರಶ್ನೆಗಳನ್ನು ಜುಲು, ಸ್ಕಾಟ್ಸ್ ಗೇಲಿಕ್ ಥರದ ಭಾಷೆಗಳಿಗೆ ತರ್ಜುಮೆ ಮಾಡಿ ಕೇಳಿದರು. ಅಂಥ ಭಾಷೆಗಳನ್ನು ಒಂದಾದ ಮೇಲೆ ಒಂದು ಬಳಸಿ ನೋಡಿದರೆ 79 ಶೇಕಡಾ ಸಲ ಅದು ಬೇಲಿ ದಾಟಿ ಉತ್ತರ ಕೊಟ್ಟಿತು. ಬೇಲಿ ಗಟ್ಟಿ ಇದ್ದದ್ದು ಇಂಗ್ಲಿಷಿನಂಥ ದೊಡ್ಡ ಭಾಷೆಗಳ ಕಡೆ ಮಾತ್ರ. ನಮ್ಮ ಭಾಷೆಯ ಕಡೆ ಬೇಲಿ ಎಷ್ಟು ಗಟ್ಟಿ ಅಂತ ಕನ್ನಡ ಬಲ್ಲವರು ಅಲ್ಲಾಡಿಸಿ ನೋಡಬೇಕು.

ಇದಕ್ಕೆ ಕಂಪ್ಯೂಟರ್ ಓದಿರಬೇಕು ಅಂತೇನೂ ಇಲ್ಲ. ಅಡಿಕೆಗೆ ಕೊಳೆ ರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಯುವುದು ಹೇಗೆ ಅಂತ ಎಐಯನ್ನು ಕನ್ನಡದಲ್ಲಿ ಕೇಳಿ. ಸರಿಯಾದ ಉತ್ತರ ಇದು: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು, ಮೈಲುತುತ್ತ ಕಬ್ಬಿಣವನ್ನು ತಿನ್ನುವುದರಿಂದ ಕಬ್ಬಿಣದ ಪಾತ್ರೆ ಬಳಸಬಾರದು. ಮಳೆ ಹಿಡಿಯುವ ಮುಂಚೆ ಒಂದು ಸಲ ಹೊಡೆದು, ನಡುವೆ ಬಿಡುವು ಸಿಕ್ಕಾಗ ಮತ್ತೆ ಹೊಡೆಯಬೇಕು. ಶಿರಸಿ, ತೀರ್ಥಹಳ್ಳಿ ಕಡೆಯ ಬೆಳೆಗಾರರಿಗೆ ಇದು ಬಾಯಿಪಾಠ. ಉತ್ತರದಲ್ಲಿ ಒಂದು ಅಳತೆ ಹೆಚ್ಚುಕಮ್ಮಿ ಆದರೂ ಅವರು ಅರೆಕ್ಷಣದಲ್ಲಿ ಹಿಡಿಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕೂತು ಪರೀಕ್ಷೆ ಮಾಡುವವರಿಗೆ ಆ ತಪ್ಪು ಕಾಣುವುದೇ ಇಲ್ಲ. ತಪ್ಪು ಉತ್ತರವನ್ನು ನಂಬಿ ಹೊಡೆದ ಹೊಸ ಬೆಳೆಗಾರನಿಗೆ ಗೊತ್ತಾಗುವ ಹೊತ್ತಿಗೆ ಕಾಯಿ ಉದುರಿರುತ್ತದೆ. ಇಂಥ ಪ್ರಶ್ನೆ, ಅದಕ್ಕೆ ಬಲ್ಲವರು ಒಪ್ಪಿದ ಉತ್ತರ, ಸಾವಿರಗಟ್ಟಲೆ ಕೂಡಿಸಿ ಇಡಬೇಕು. ಪ್ರೊಟೀನಿನವರು ಕಾಸ್ಪ್ ಕಟ್ಟಿಕೊಂಡದ್ದು ಆಲ್ಫಾಫೋಲ್ಡ್ 2020ರಲ್ಲಿ ಗೆಲ್ಲುವುದಕ್ಕೆ 26 ವರ್ಷ ಮುಂಚೆ. ನಮಗೆ ಅಷ್ಟು ಪುರಸೊತ್ತು ಇದ್ದ ಹಾಗೆ ಕಾಣುವುದಿಲ್ಲ.